ಪಟದ ಹಿಂಭಾಗ

ಲಲಿತಾ ಟೀಚರ್ ಕೊಟ್ಟ ದಪ್ಪನೆಯ ಚಿತ್ರಪುಸ್ತಕವನ್ನು ಹದಿನೈದು ದಿನಗಳಿಂದ ಮಡಿಲಲ್ಲಿಟ್ಟುಕೊಂಡು ಕೂತಿದ್ದೇನೆ. ಅದರ ತುಂಬ ಹಳೆಯ ಕಾಲದ ದೇವರುಗಳು. ಕಂಚಿನವು, ಕಲ್ಲಿನವು, ಗುಡಿಯ ಗೋಡೆಗಳ ಮೇಲೆ ಬಣ್ಣದಲ್ಲಿ ಬರೆದವು. ನಾಳೆ ಶುಕ್ರವಾರ ಬೆಳಗಿನ ರೈಲಿಗೆ ನಾವು ಏಳು ಜನ ಹೆಂಗಸರು ತಂಜಾವೂರಿಗೆ ಹೊರಟಿದ್ದೇವೆ, ಇಂಥವನ್ನೆಲ್ಲ ಕಣ್ಣಾರೆ ನೋಡಲು. ಟೀಚರ್ ಕರ್ನಾಟಕದವರು, ಗಂಡನ ಕೆಲಸದ ಸಲುವಾಗಿ ತಮಿಳು ಸೀಮೆಯ ನಮ್ಮ ಸಿಂಗಾನಲ್ಲೂರಿಗೆ ಬಂದು ನಮ್ಮ ಬೀದಿಯಲ್ಲೇ ನಿಂತವರು. ಮನೆಯಲ್ಲಿ ಕನ್ನಡ ಆಡಿಕೊಂಡು, ಶಾಲೆಯಲ್ಲಿ ತಮಿಳು ಓದಿ, ಕನ್ನಡದ ಒಂದಕ್ಷರವನ್ನೂ ಗುರುತಿಸಲಾರದ ನಮ್ಮಂಥ ನೇಕಾರರ ಮನೆಯ ಹೆಂಗಸರನ್ನು ಭಾನುವಾರ ಮಧ್ಯಾಹ್ನ ಕೂರಿಸಿಕೊಂಡು ಅಕ್ಷರ ಕಲಿಸಿದವರು. ನಾನು ಅ ಆ ಬರೆದದ್ದು ಐವತ್ತೊಂಬತ್ತನೆಯ ವಯಸ್ಸಿನಲ್ಲಿ. ಈಗ ಹೀಗೆ ಪುಟಗಟ್ಟಲೆ ಬರೆಯುತ್ತಿದ್ದೇನೆಂದರೆ ಅದು ಅವರ ತಾಳ್ಮೆ. ತಿದ್ದಿ ತಿದ್ದಿ ಅವರ ಕೆಂಪು ಪೆನ್ನು ಎಷ್ಟು ಸವೆಯಿತೋ ಗೊತ್ತಿಲ್ಲ. ಪುಸ್ತಕ ಕೊಡುವಾಗ ಅವರು ಒಂದು ಮಾತು ಹೇಳಿದ್ದರು: ಹೋಗುವ ಮುಂಚೆ ಎಲ್ಲ ಚಿತ್ರಗಳನ್ನೂ ನೋಡಿ, ಏನು ಅನ್ನಿಸುತ್ತದೋ ಹಾಗೇ ಬರೆದಿಡಿ, ಬಂದ ಮೇಲೆ ಮತ್ತೊಮ್ಮೆ ಬರೆಯೋಣ ಅಂತ.

ನನಗೆ ಅನ್ನಿಸಿದ್ದನ್ನು ಹಾಗೇ ಬರೆದೆ. ಕಂಚಿನ ದೇವಿಯ ಸೀರೆಯ ಗೆರೆಗಳು ತೊಡೆಯ ಮೇಲೆ ಹಾಸುಹೊಕ್ಕಿನ ಲೆಕ್ಕಕ್ಕೆ ಸರಿಯಾಗಿ ಬಿದ್ದಿವೆ, ಈ ಶಿಲ್ಪಿಯ ಮನೆಯ ಪಕ್ಕದಲ್ಲಿ ಯಾರೋ ಮಗ್ಗದವರಿದ್ದಿರಬೇಕು. ಹೂವು ಹಿಡಿಯಲೆಂದು ಮಡಿಸಿದ ಅವಳ ಬಲಗೈ ಬೆರಳುಗಳು, ಕಡಿದುಹೋದ ನೂಲಿನ ತುದಿ ಹುಡುಕಿ ಹಿಡಿಯುವಾಗ ನಮ್ಮವರ ಬೆರಳು ಇರುವ ಹಾಗೇ ಇವೆ. ಗೋಡೆಯ ಚಿತ್ರದಲ್ಲಿ ಕುಣಿಯುವವಳ ಸೊಂಟದ ಬಟ್ಟೆಯ ಪಟ್ಟಿ ಮಾತ್ರ ಮಗ್ಗದಲ್ಲಿ ಬರಲಾರದು, ಅದನ್ನು ಬರೆದವನು ಬಟ್ಟೆ ಉಟ್ಟವನೇ ಹೊರತು ನೆಯ್ದವನಲ್ಲ. ಎಲ್ಲಕ್ಕಿಂತ ನನಗೆ ಹಿಡಿಸಿದ್ದು ಕಂಚಿನ ವಿಗ್ರಹಗಳ ಬೆನ್ನು. ಜನ ಎದುರಿನಿಂದ ಕೈಮುಗಿದು ಹೋಗುತ್ತಾರೆ, ಆದರೂ ಆ ಪುಣ್ಯಾತ್ಮರು ಬೆನ್ನಿನ ಜಡೆ, ಸರದ ಕೊಂಡಿ, ಸೊಂಟದ ಗಂಟು ಎಲ್ಲವನ್ನೂ ಮುಂದಿನಷ್ಟೇ ಶ್ರದ್ಧೆಯಿಂದ ಮುಗಿಸಿದ್ದಾರೆ. ನಾಲ್ಕು ಪುಟ ತುಂಬಿಸಿ ಕೊಟ್ಟೆ. ಟೀಚರ್ ಓದಿ ನಕ್ಕರು, ಮೆಚ್ಚಿಕೊಂಡರು, ಆಮೇಲೆ ಕನ್ನಡಕ ತೆಗೆದು ನನ್ನನ್ನೇ ನೋಡಿದರು.

“ರಾಜಾಮಣಿಯಮ್ಮ, ಬಟ್ಟೆ ಬರೆದಿದ್ದೀರಿ, ಕೈ ಬರೆದಿದ್ದೀರಿ, ಬೆನ್ನು ಬರೆದಿದ್ದೀರಿ. ಒಂದು ದೇವರದ್ದಾದರೂ ಮುಖದ ಬಗ್ಗೆ ಒಂದು ಸಾಲೂ ಇಲ್ಲವಲ್ಲ?”

“ಮೊಕ ನಾನು ನೋಡೋದಿಲ್ಲ ಟೀಚರ್.”

“ನೋಡೋದಿಲ್ಲ ಅಂದ್ರೆ?”

“ಚಿಕ್ಕಂದಿನಿಂದ ಹಂಗೇ. ಬೆರಳು ಅಡ್ಡ ಇಟ್ಕೊತೀನಿ.”

ಅವರು ಮುಂದೆ ಕೇಳಲಿಲ್ಲ. ಆದರೆ ಪ್ರಶ್ನೆ ನನ್ನ ಜೊತೆ ಮನೆಗೆ ಬಂತು. ನಿಜ, ಪೇರೂರಿನ ಗುಡಿಯಲ್ಲಾಗಲಿ ನಮ್ಮ ಬೀದಿಯ ಚೌಡಮ್ಮನ ಗುಡಿಯಲ್ಲಾಗಲಿ ಮಂಗಳಾರತಿ ಎತ್ತುವಾಗ ಎಲ್ಲರೂ ಕತ್ತು ಉದ್ದ ಮಾಡಿ ಮುಖ ನೋಡುತ್ತಾರೆ, ನಾನು ಪಾದ ನೋಡುತ್ತೇನೆ. ನನ್ನ ಗಂಡ ಇದ್ದಾಗ ಇದನ್ನು ನನ್ನ ಭಕ್ತಿ ಎಂದು ತಿಳಿದಿದ್ದರು, ಕುರಿಚಿಯ ಫೌಂಡ್ರಿಯ ತಮ್ಮ ಸ್ನೇಹಿತರ ಹತ್ತಿರ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ನಾನೂ ತಿದ್ದಲು ಹೋಗಲಿಲ್ಲ. ಭಕ್ತಿಯೂ ಅಲ್ಲ, ಮಣ್ಣೂ ಅಲ್ಲ, ಅದು ಹೆದರಿಕೆ. ಹತ್ತನೆಯ ವಯಸ್ಸಿನಲ್ಲಿ ನಾನು ಒಬ್ಬ ದೇವಿಯ ಮುಖವನ್ನು ಒದ್ದೆ ಬಟ್ಟೆಯಿಂದ ಒರೆಸಿ ಅಳಿಸಿಬಿಟ್ಟಿದ್ದೆ.

ನಮ್ಮ ಮನೆ ಈಗಿನ ಬಸ್ ನಿಲ್ದಾಣದ ಹಿಂದೆ, ಕೆರೆಯ ಕಡೆ ಇಳಿಯುವ ಬೀದಿಯಲ್ಲಿತ್ತು. ಈಗ ಅಲ್ಲಿ ಟೈಲ್ಸ್ ಅಂಗಡಿ ಇದೆ. ಆಗ ಬೀದಿಯಿಡೀ ಮಗ್ಗದ ಮನೆಗಳು, ಎಲ್ಲವೂ ಒಂದೇ ನಮೂನೆ. ತಿಣ್ಣೆ ಹತ್ತಿ ಒಳಗೆ ಬಂದರೆ ಉದ್ದನೆಯ ಮಗ್ಗದ ಕೋಣೆ, ನೆಲದಲ್ಲಿ ಎರಡು ಕುಣಿ, ಒಂದೊಂದರಲ್ಲೂ ಕಾಲು ಇಳಿಬಿಟ್ಟು ಕೂರುವ ಮಗ್ಗ. ಅದರಾಚೆ ಅಡುಗೆಮನೆ, ಹಿತ್ತಲಲ್ಲಿ ಬಾವಿ. ಮಲಗುವ ಕೋಣೆ ಅಂತ ಬೇರೆ ಇರಲಿಲ್ಲ. ಮಗ್ಗಗಳ ನಡುವೆ ಎಲ್ಲಿ ಜಾಗವಿತ್ತೋ ಅಲ್ಲಿ ಚಾಪೆ. ಬೆಳಿಗ್ಗೆ ಮಿಲ್ಲಿನ ಸಂಗು, ಅಂದರೆ ಸೈರನ್, ಊದಿದರೆ ಮಿಲ್ಲಿನವರು ಸೈಕಲ್ ಹತ್ತುತ್ತಿದ್ದರು, ಅಪ್ಪ ಕುಣಿಗೆ ಇಳಿಯುತ್ತಿದ್ದರು. ಅವ್ವ ಹಿತ್ತಲ ಬಾಗಿಲಲ್ಲಿ ರಾಟೆ ಹಾಕಿಕೊಂಡು ನೂಲು ಸುತ್ತುತ್ತಿದ್ದಳು. ಇನ್ನೊಂದು ಮಗ್ಗದಲ್ಲಿ ತಾತ ನೇಯುತ್ತಿದ್ದರಂತೆ. ನಾನು ಅವರನ್ನು ನೋಡಿಲ್ಲ. ಅಪ್ಪ ಏಳು ವರ್ಷದವರಿದ್ದಾಗಲೇ ಅವರು ತೀರಿಕೊಂಡಿದ್ದರು. ಆ ಮಗ್ಗದ ಮೇಲೆ ನಮ್ಮ ಹಾಸಿಗೆ ಬಟ್ಟೆ, ಈರುಳ್ಳಿ ಮೂಟೆ, ನನ್ನ ಶಾಲೆಯ ಚೀಲ ಇರುತ್ತಿದ್ದವು, ಆದರೆ ಅದನ್ನು ಬಿಚ್ಚಲು ಅಜ್ಜಿ ಬಿಡಲಿಲ್ಲ.

ಆ ಎರಡನೆಯ ಮಗ್ಗದ ಎದುರಿನ ಗೋಡೆಯಲ್ಲಿತ್ತು ಪಟ. ಮೊಳದುದ್ದದ ಗಾಜಿನ ಪಟ, ಗೋಡೆಗೆ ಅಂಟಿದಂತೆ ಕೂತದ್ದು. ಸಿಂಹದ ಮೇಲೆ ಕೂತ ದೇವಿ. ಬರೆದವನು ಯಾವ ದೇವಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದನೋ, ನಮ್ಮ ಪಾಲಿಗೆ ಅವಳು ಚೌಡಮ್ಮ. ಹಸಿರು ಸೀರೆ, ಕೆಂಪು ರವಿಕೆ, ಚಿನ್ನದ ಕಾಗದ ಅಂಟಿಸಿದ ಕಿರೀಟ, ದೊಡ್ಡ ದೊಡ್ಡ ಓಲೆ, ತುಂಬು ಕೆನ್ನೆ. ಮದುವೆಯಾದ ವರ್ಷ ತಾತ ತಂಜಾವೂರಿನಿಂದ ಅದನ್ನು ಗೋಣಿಯಲ್ಲಿ ಸುತ್ತಿ, ರೈಲಿನಲ್ಲಿ ಇಡೀ ದಾರಿ ತೊಡೆಯ ಮೇಲೇ ಇಟ್ಟುಕೊಂಡು ತಂದಿದ್ದರಂತೆ. ಅಜ್ಜಿ ತನ್ನ ಗಂಡನ ಬಗ್ಗೆ ಹೇಳುತ್ತಿದ್ದದ್ದು ಇದೊಂದೇ ಕಥೆ. ದಿನಾ ಬೆಳಿಗ್ಗೆ ಪಟದ ಎದುರು ನಿಂತು ಅಜ್ಜಿ ಮಾತಾಡುತ್ತಿದ್ದಳು, ಸ್ತೋತ್ರವೇನೂ ಅಲ್ಲ. ಬೇಳೆ ಮುಗಿದದ್ದು, ಸೊಸೆ ಎದುರು ಮಾತಾಡಿದ್ದು, ಅನ್ನೂರಿನ ಮಗಳಿಗೆ ಮತ್ತೆ ದಿನ ತುಂಬಿದ್ದು. ಶುಕ್ರವಾರ ಮಾತ್ರ ವಿಶೇಷ. ನಾನು ಗಾಜನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಕು, ಆಮೇಲೆ ಅಜ್ಜಿ ನೆಲದ ಮೇಲೆ ನಿಂತು, ಕೈ ಮೇಲೆತ್ತಿ, ಉಂಗುರದ ಬೆರಳಿನಿಂದ ದೇವಿಯ ಹಣೆಗೆ ಕುಂಕುಮದ ಬೊಟ್ಟು ಇಡಬೇಕು. ಅಜ್ಜಿ ಕುಳ್ಳು, ಪಟ ಎತ್ತರದಲ್ಲಿತ್ತು, ಹೀಗಾಗಿ ಬೊಟ್ಟು ಒಮ್ಮೊಮ್ಮೆ ಹುಬ್ಬಿನ ಮೇಲೋ ಮೂಗಿನ ಮೇಲೋ ಬೀಳುತ್ತಿತ್ತು. ಬೆರಳಿಗೆ ಉಳಿದ ಕುಂಕುಮವನ್ನು ಅಜ್ಜಿ ಕಂಬಕ್ಕೆ ಒರೆಸುತ್ತಿದ್ದಳು. ಗಂಡ ಸತ್ತ ದಿನದಿಂದ ಅವಳ ಹಣೆ ಬರಿದು. ಕಂಬದಲ್ಲಿ ಬೆರಳಗಲದ ಕೆಂಪು ಗುರುತು ಕಪ್ಪಾಗಿ ಕೂತಿತ್ತು.

ಮಗ್ಗದ ಮನೆಯ ಮಕ್ಕಳಿಗೆ ಮೊದಲು ತಿಳಿಯುವುದು ಬಟ್ಟೆಗೆ ಎರಡು ಮಗ್ಗುಲು ಎನ್ನುವುದು. ಅಪ್ಪ ನೇಯುತ್ತಿದ್ದ ಹೂವಿನಂಚಿನ ಸೀರೆಯ ಒಳ್ಳೆಯ ಮಗ್ಗುಲು ನೇಯುವಾಗ ನೆಲದ ಕಡೆ ಇರುತ್ತದೆ. ನೇಯುವವನಿಗೆ ಕಾಣುವುದು ಹಿಂಭಾಗ, ನೂಲಿನ ತುಂಡುಗಳೆಲ್ಲ ಜೋತಾಡುವ ಗಲೀಜು ಮಗ್ಗುಲು. ಹೂವು ಸರಿಯಾಗಿ ಬಂತೋ ಇಲ್ಲವೋ ನೋಡಲು ಅಪ್ಪನ ಹತ್ತಿರ ಅಂಗೈಯಗಲದ ಒಂದು ಕನ್ನಡಿ ಇತ್ತು. ನಾಲ್ಕು ಬೆರಳು ನೆಯ್ದ ಮೇಲೆ ಅದನ್ನು ಬಟ್ಟೆಯ ಕೆಳಗೆ ತೂರಿಸಿ ಬಗ್ಗಿ ನೋಡುವರು. ಸೀರೆ ಇಳಿದ ಮೇಲೆ ಅದನ್ನು ನನ್ನ ಮುಂದೆ ಹಿಂಭಾಗ ಮೇಲಾಗಿ ಹಾಸುತ್ತಿದ್ದರು. ಸಣ್ಣ ಕತ್ತರಿ ಹಿಡಿದು ಜೋತಾಡುವ ತುದಿಗಳನ್ನೆಲ್ಲ ಕತ್ತರಿಸುವುದು, ಅಂಟಿದ ಗಂಜಿ ಕೆರೆದು ಒರೆಸುವುದು ನನ್ನ ಕೆಲಸ.

“ಹಿಂದ್ಗಡೆ ಸುತ್ತ ಮಾಡು ಕಣ್ಣು, ಮುಂದ್ಗಡೆ ತಾನಾಗೇ ಚೆಂದ ಆಯ್ತದೆ,” ಎನ್ನುತ್ತಿದ್ದರು ಅಪ್ಪ. ಸುತ್ತ ಎಂದರೆ ನಮ್ಮ ಮಾತಿನಲ್ಲಿ ಚೊಕ್ಕಟ, ಕಣ್ಣು ಎಂದು ಮುದ್ದಿಗೆ ನನ್ನನ್ನು ಕರೆಯುತ್ತಿದ್ದದ್ದು.

ಆ ವರ್ಷ ಆಯುಧಪೂಜೆಗೆ ಮುಂಚೆ ಮನೆಗೆ ಸುಣ್ಣ ಬಳಿಯಲು ಪಟಗಳನ್ನೆಲ್ಲ ಇಳಿಸಿದ್ದರು. ಅಜ್ಜಿ ಅನ್ನೂರಿನ ಮಗಳ ಬಾಣಂತನಕ್ಕೆ ಹೋಗಿದ್ದಳು. ಅಪ್ಪ ಮಗ್ಗದ ಹಗ್ಗ ಬಿಗಿಯುತ್ತಿದ್ದರು, ಅವ್ವ ಸುಣ್ಣ ಕಲಸುತ್ತಿದ್ದಳು, ಪಟ ಒರೆಸುವ ಕೆಲಸ ನನಗೆ. ಬಾವಿಕಟ್ಟೆಯ ಹತ್ತಿರ ಕೂತೆ. ಗಾಜಿನ ಪಟದ ಬೆನ್ನಿಗೆ ಹೊಡೆದ ಹಲಗೆಯನ್ನು ಗೆದ್ದಲು ತಿಂದಿತ್ತು, ಎತ್ತುವಾಗಲೇ ಮೊಳೆ ಸಮೇತ ಕಳಚಿ ಬಂತು. ಒಳಗೆ ನೋಡಿದರೆ ಗಲೀಜು. ಹಸಿರು ಬಳಿದ ಮೇಲೆ ಕಪ್ಪು, ಕಪ್ಪಿನ ಪಕ್ಕದಲ್ಲಿ ಹಳದಿ, ನಟ್ಟನಡುವೆ ಸಗಣಿ ಸಾರಿಸಿದಂಥ ಒಂದು ಮಂದ ಬಣ್ಣದ ಮುದ್ದೆ. ಕಣ್ಣಿಲ್ಲ, ಮೂಗಿಲ್ಲ, ಏನೂ ಇಲ್ಲ. ಇಷ್ಟು ವರ್ಷ ಯಾರೂ ಹಿಂದ್ಗಡೆ ಸುತ್ತ ಮಾಡಿಲ್ಲ ಎಂದುಕೊಂಡೆ. ಅಜ್ಜಿ ಬಂದು ನೋಡಿ ಮೆಚ್ಚಿಕೊಳ್ಳಬೇಕು ಎಂದು ಆಸೆಯಾಯಿತು. ಬಟ್ಟೆಯನ್ನು ಚೆನ್ನಾಗಿ ನೆನೆಸಿ, ಎಲ್ಲಿ ಕೊಳೆ ದಪ್ಪಗಿತ್ತೋ ಅಲ್ಲಿಂದಲೇ ಶುರುಮಾಡಿದೆ. ಮೊದಲು ಏನೂ ಆಗಲಿಲ್ಲ. ಆಮೇಲೆ ಆ ಮುದ್ದೆ ನೆನೆದು, ಹಾಲಿನ ಕೆನೆ ಎತ್ತಿದ ಹಾಗೆ ಒಂದೇ ಸಲಕ್ಕೆ ಬಟ್ಟೆಗೆ ಬಂದುಬಿಟ್ಟಿತು.

ಪಟ ತಿರುಗಿಸಿದೆ. ಕಿರೀಟ ಇತ್ತು. ಓಲೆಗಳಿದ್ದವು. ಕತ್ತಿನ ಸರ ಇತ್ತು. ನಡುವೆ ಮುಖವಿದ್ದ ಜಾಗದಲ್ಲಿ ಬರೀ ಗಾಜು, ಗಾಜಿನಾಚೆ ನನ್ನ ಒದ್ದೆ ಲಂಗ. ಕೈಯಲ್ಲಿದ್ದ ಬಟ್ಟೆ ಬಿಡಿಸಿ ನೋಡಿದೆ. ಅದರ ಮೇಲೆ ಒಂದು ಕಣ್ಣು ಅಂಟಿಕೊಂಡಿತ್ತು, ಪೂರ್ತಿ, ರೆಪ್ಪೆ ಸಮೇತ. ಅದು ನನ್ನನ್ನೇ ನೋಡುತ್ತಿತ್ತು. ಆ ಕಣ್ಣನ್ನು ನಾನು ಈಗಲೂ ಬಿಡಿಸಿ ಹೇಳಬಲ್ಲೆ. ಬಟ್ಟೆಯನ್ನು ಬಾವಿಗೆ ಎಸೆದೆ. ಅಂದಿನಿಂದ ಆ ಬಾವಿಯ ನೀರು ಕುಡಿಯುವಾಗಲೆಲ್ಲ ಕಣ್ಣು ಮುಚ್ಚಿಕೊಂಡೇ ಕುಡಿದೆ.

ಟೀಚರ್ ಹೋದ ವಾರ ಆ ಚಿತ್ರಪುಸ್ತಕದಲ್ಲೇ ಒಂದು ಪುಟ ಓದಿ ಹೇಳಿದರು. ಗಾಜಿನ ಪಟ ಬರೆಯುವವರು ಗಾಜಿನ ಹಿಂದಿನಿಂದ ಬರೆಯುತ್ತಾರಂತೆ. ಎಲ್ಲರೂ ಕೊನೆಗೆ ಬರೆಯುವ ಕಣ್ಣು ರೆಪ್ಪೆ ಒಡವೆಯನ್ನು ಮೊದಲು ಬರೆದು, ಅದರ ಮೇಲೆ ಮೈಬಣ್ಣ ಬಳಿದು, ಹಿನ್ನೆಲೆಯನ್ನು ಕಟ್ಟಕಡೆಗೆ ಹಚ್ಚುವರಂತೆ. ಎಡ ಬಲ ಅದಲು ಬದಲು ಲೆಕ್ಕ ಹಾಕಿಕೊಂಡು ಬರೆಯಬೇಕಂತೆ. ಅಂದರೆ ಅವರೂ ನಮ್ಮಪ್ಪನ ಹಾಗೆ, ಒಳ್ಳೆಯ ಮಗ್ಗುಲು ಕಾಣದ ಕಡೆ ಕೂತು ಕೆಲಸ ಮಾಡುವವರು. ಅರ್ಧ ಶತಮಾನ ತಡವಾಗಿ ತಿಳಿಯಿತು. ಓದುತ್ತಿದ್ದ ಟೀಚರ್ ತಲೆಯೆತ್ತುವಷ್ಟರಲ್ಲಿ ನಾನು ಸೆರಗಿನಿಂದ ಕಣ್ಣು ಒತ್ತಿಕೊಂಡಿದ್ದೆ.

ಅಂದು ಅಪ್ಪ ನೀರಿಗೆಂದು ಹಿತ್ತಲಿಗೆ ಬಂದವರು ನೋಡಿದರು. ಹೊಡೆಯುತ್ತಾರೆ ಎಂದುಕೊಂಡು ನಾನು ಭುಜ ಕುಗ್ಗಿಸಿದೆ. ಹೊಡೆದಿದ್ದರೆ ಚೆನ್ನಾಗಿತ್ತು ಎಂದು ಆಮೇಲೆ ಎಷ್ಟೋ ಸಲ ಅನ್ನಿಸಿದೆ. ಅವರು ಕುಕ್ಕರುಗಾಲಲ್ಲಿ ಕೂತು ಪಟವನ್ನು ತಿರುಗಿಸಿ ಮುರುಗಿಸಿ ನೋಡಿದರು.

“ಯಾಕೆ ಕಣ್ಣು ಹಿಂಗೆ ಮಾಡ್ದೆ?”

“ಹಿಂದ್ಗಡೆ ಸುತ್ತ ಮಾಡ್ದೆ ಅಪ್ಪಾ.”

ಅವ್ವ ಸುಣ್ಣದ ಕೈಯಲ್ಲೇ ಓಡಿ ಬಂದು ನೋಡಿ ಬಾಯಿ ಮುಚ್ಚಿಕೊಂಡಳು. ಬೇರೆ ಪಟ ತರೋಣ ಎಂದಳು. ಅದನ್ನು ತಂದವರು ಸತ್ತು ಮೂವತ್ತು ವರ್ಷ, ಬೇರೆ ತಂದರೆ ಅದು ಅದಾಗುತ್ತದೆಯೇ ಎಂದರು ಅಪ್ಪ. ನೀವೇ ಒಂದು ಮುಖ ಬರೆಯಿರಿ, ಅಂಚಿನ ಹೂವು ಬರೆಯುವುದಿಲ್ಲವೇ ಎಂದಳು. ಹೂವು ಬರೆಯೋನು ಮೊಕ ಬರೆದ್ರೆ ಗೊಂಬೆ ಆಯ್ತದೆ ಎಂದರು. ಅತ್ತೆಗೆ ಇದ್ದದ್ದು ಇದ್ದ ಹಾಗೆ ಹೇಳಿಬಿಡಿ ಎಂದು ಅವ್ವ ಹಟ ಹಿಡಿದಳು.

“ನೀನೇ ಹೇಳು ಹಂಗಾದ್ರೆ. ನನ್ನಿಂದ ಆಗಲ್ಲ.”

“ಶಾಮಿ ಪಟದ ಮುಂದೆ ವಯಸ್ಸಾದವರಿಗೆ ಮೋಸ ಮಾಡ್ತೀರಾ?”

“ಅವರಿಗೆ ಕಣ್ಣು ಸರಿಯಾಗಿ ಕಾಣಲ್ಲ. ಹೊಳೆಯೋದು ಒಂದು ಇದ್ರೆ ಸಾಕು.”

ಅಪ್ಪ ಮಗ್ಗದ ಹತ್ತಿರ ಹೋಗಿ ತಮ್ಮ ಕನ್ನಡಿ ತಂದರು. ಮುಖವಿದ್ದ ಜಾಗದ ಹಿಂದೆ ಅದನ್ನಿಟ್ಟು, ಸುತ್ತ ಹಳೆಯ ಬಟ್ಟೆ ತುರುಕಿ, ಹೊಸ ಹಲಗೆ ಹೊಡೆದರು. ಸಂಜೆಯೊಳಗೆ ಪಟ ಗೋಡೆಯ ಮೇಲಿತ್ತು. ಅದಾದ ಮೇಲೆ ಎಷ್ಟೋ ತಿಂಗಳು ಅಪ್ಪ ಕನ್ನಡಿಯಿಲ್ಲದೆ ನೆಯ್ದರು. ಬಟ್ಟೆಯ ಕೆಳಗೆ ಕೈ ತೂರಿಸಿ ಹೂವನ್ನು ಬೆರಳಿನಿಂದ ಸವರಿ ನೋಡುವರು. ನಾನು ಅದನ್ನು ನೋಡುತ್ತ ಅನ್ನ ಉಣ್ಣಬೇಕಿತ್ತು. ಆ ಮನೆಯಲ್ಲಿ ಅಂದಿನಿಂದ ಯಾರೂ ನನ್ನನ್ನು ಆ ಬಗ್ಗೆ ಬೈಯಲಿಲ್ಲ, ಅಜ್ಜಿಗೆ ಹೇಳಬೇಡ ಎಂದದ್ದು ಬಿಟ್ಟರೆ ಬೇರೆ ಮಾತೇ ಬರಲಿಲ್ಲ.

ಅಜ್ಜಿ ಬಂದದ್ದು ಗುರುವಾರ. ಮರುದಿನ ನಾನು ಕಣ್ಣು ಮುಚ್ಚಿಕೊಂಡು ಗಾಜು ಒರೆಸಿದೆ. ಅಜ್ಜಿ ಎಂದಿನಂತೆ ಕೈಯೆತ್ತಿ ಬೊಟ್ಟು ಇಟ್ಟಳು, ತಲೆ ಮೇಲೆತ್ತಿ ನೋಡಿದಳು, ನಿಂತಳು. ನಾನು ಈರುಳ್ಳಿ ಮೂಟೆಯ ಹಿಂದಿನಿಂದ ಅವಳ ಬೆನ್ನು ನೋಡುತ್ತಿದ್ದೆ. ಆ ದಿನ ಅವಳು ಪಟದ ಹತ್ತಿರ ಮಾತೇ ಆಡಲಿಲ್ಲ. ಮಧ್ಯಾಹ್ನ ಅಕ್ಕಿ ಬೇಳೆ ಒಟ್ಟಿಗೆ ಬೇಯಿಸಿದ ಅನ್ನಕ್ಕೆ ತುಪ್ಪ ಬಿಡುತ್ತ, ಯಾರನ್ನೂ ನೋಡದೆ ಹೇಳಿದಳು:

“ಚೌಡಮ್ಮಂಗೂ ವಯಸ್ಸಾಗೋಯ್ತು. ನೋಡಿದ್ರಾ ನೀವು?”

ಅಪ್ಪನ ಕೈಯ ತುತ್ತು ನಿಂತಿತು. ಅವ್ವ ನೀರಿನ ಚೊಂಬು ತರುವ ನೆಪದಲ್ಲಿ ಎದ್ದಳು. ನಾನು ತಟ್ಟೆ ನೋಡುತ್ತಿದ್ದೆ.

“ಪರವಾಯಿಲ್ಲೆ ಬುಡು,” ಎಂದಳು ಅಜ್ಜಿ. “ಎಲ್ಲರಿಗೂ ಆಗೋದು ತಾನೇ.”

ನಂಬಿಬಿಟ್ಟಳು ಎಂದು ತಿಳಿದೆ. ಮುದುಕಿಯೊಬ್ಬಳು ತನ್ನದೇ ಸುಕ್ಕು ಮುಖವನ್ನು ದೇವರೆಂದು ಕೈಮುಗಿಯುವಂತೆ ಮಾಡಿದವಳು ನಾನು. ಹತ್ತು ವರ್ಷದ ಹುಡುಗಿಗೆ ಅದಕ್ಕಿಂತ ದೊಡ್ಡ ಪಾಪ ಯಾವುದಿದ್ದೀತು? ಮುಂದಿನ ಶುಕ್ರವಾರದಿಂದ ಅಜ್ಜಿ ಊಟದ ಮಣೆಯನ್ನು ಗೋಡೆಗೆ ತಂದು ಹಾಕಿಕೊಂಡು, ಅದರ ಮೇಲೆ ಹತ್ತಿ ಬೊಟ್ಟು ಇಡತೊಡಗಿದಳು. ಬೆನ್ನು ಬಾಗುತ್ತಿದೆ, ಕೈಗೆ ಎಟಕುತ್ತಿಲ್ಲ ಎಂದು ಅವ್ವ ಹೇಳಿದಳು. ನಾನೂ ಹಾಗೇ ತಿಳಿದೆ. ಮಣೆ ಹತ್ತಿ ಇಳಿಯಲು ಅವಳಿಗೆ ನನ್ನ ಭುಜ ಬೇಕಾಗುತ್ತಿತ್ತು. ನಾನು ತಲೆ ತಗ್ಗಿಸಿಕೊಂಡು ಭುಜ ಕೊಡುತ್ತಿದ್ದೆ. ಮಣೆಯ ಮೇಲೆ ಅವಳು ನಿಂತಿರುತ್ತಿದ್ದ ಹೊತ್ತು ವಾರ ವಾರಕ್ಕೂ ಉದ್ದವಾಗುತ್ತಿತ್ತು.

ಆ ಪಟ ಇದ್ದ ಕೋಣೆಯಲ್ಲಿ ನಾನು ಬೆಳೆದ ರೀತಿಯನ್ನು ಯಾರಿಗೂ ಹೇಳಿಲ್ಲ. ಯಾರೂ ಎದುರಿಗಿಲ್ಲದಾಗ ಆ ಮುಖದಲ್ಲಿ ಎದುರು ಗೋಡೆಯ ಸುಣ್ಣ ಇರುತ್ತಿತ್ತು, ಹೆಣದ ಮುಖದ ಬಿಳುಪು. ಮಧ್ಯಾಹ್ನ ಬಾಗಿಲಿನ ಬಿಸಿಲು ಬಿದ್ದರೆ ಮುಖ ಉರಿಯುತ್ತಿತ್ತು. ಅಪ್ಪ ಲಾಳಿ ಎಸೆದಾಗ ಕಿರೀಟದ ಕೆಳಗೆ ಏನೋ ಸರ್ರನೆ ಆಚೆಗೀಚೆಗೆ ಓಡುತ್ತಿತ್ತು. ಅವ್ವ ತಲೆ ಬಾಚಿಕೊಂಡು ಅತ್ತಿಂದಿತ್ತ ಹಾದರೆ ದೇವಿಗೆ ಒಂದು ಗಳಿಗೆ ಅವ್ವನ ಮುಖ ಬಂದು ಹೋಗುತ್ತಿತ್ತು. ಮೊದಮೊದಲು ನನ್ನ ಮುಖಕ್ಕೆ ಅದು ಎಟಕುತ್ತಿರಲಿಲ್ಲ, ಕೆಳಗಿನಿಂದ ನೋಡಿದರೆ ಹಂಚಿನ ಮಾಡು ಮಾತ್ರ ಕಾಣುತ್ತಿತ್ತು. ಆದರೆ ಬೆಳೆಯುವುದನ್ನು ಯಾರು ನಿಲ್ಲಿಸಿಕೊಳ್ಳಬಲ್ಲರು? ಒಂದು ವರ್ಷ ನನ್ನ ಬೈತಲೆ ಆ ಕಿರೀಟದ ಕೆಳಗೆ ಬಂತು. ಮುಂದಿನ ವರ್ಷ ಹಣೆ. ಕಣ್ಣು ಬರುವ ಮುಂಚೆ ನಾನು ಆ ಕಡೆ ನೋಡುವುದನ್ನೇ ಬಿಟ್ಟೆ. ಗೋಡೆಯ ಪಕ್ಕ ಹಾದುಹೋಗುವಾಗ ಬಗ್ಗಿ ನಡೆಯುತ್ತಿದ್ದೆ. ಹುಡುಗಿಗೆ ಗೂನು ಬರುತ್ತಿದೆ ಎಂದು ಅವ್ವ ಎಣ್ಣೆ ತಿಕ್ಕಿದಳು. ಗೂನು ಹೋಯಿತು, ಕಣ್ಣು ಮಾತ್ರ ದೇವರ ಪಾದದಲ್ಲೇ ಉಳಿಯಿತು.

ಅಜ್ಜಿ ಮಲಗಿದ್ದು ನನಗೆ ಹದಿನಾಲ್ಕು ವರ್ಷವಾದಾಗ. ತಾತನ ಮಗ್ಗದ ಪಕ್ಕದಲ್ಲೇ ಚಾಪೆ ಹಾಕಿಸಿಕೊಂಡಿದ್ದಳು. ಹದಿನೈದು ದಿನ ಗಂಜಿ, ಆಮೇಲೆ ಅದೂ ಬೇಡವಾಯಿತು. ಒಂದು ಬೆಳಿಗ್ಗೆ ಅಪ್ಪ ಸೀರೆ ಕೊಡಲು ಹೋಗಿದ್ದರು, ಅವ್ವ ಹಿತ್ತಲಲ್ಲಿದ್ದಳು. ನಾನು ಪಕ್ಕದಲ್ಲಿ ಕೂತು ನೊಣ ಓಡಿಸುತ್ತಿದ್ದೆ. ಅಜ್ಜಿ ಕಣ್ಣು ಬಿಟ್ಟು ಕೇಳಿದಳು:

“ಇವತ್ತು ಬೆಳ್ಳಿ ತಾನೇ?”

ಬೆಳ್ಳಿ ಎಂದರೆ ಶುಕ್ರವಾರ. ಹೌದು ಎಂದೆ.

“ಪಟ ಇಳಿಸ್ಕೊಂಡು ಬಾ ಕಣ್ಣು. ಕುಂಕುಮದ ಡಬ್ಬಿನೂ ತಾ. ಇಲ್ಲೇ, ಮಗ್ಗುಲಲ್ಲಿ ಇಡು.”

ನಾನು ಎದ್ದು ಗೋಡೆಯವರೆಗೂ ಹೋದೆ. ಕೈ ಎತ್ತಿದೆ. ಇಷ್ಟು ಹತ್ತಿರದಿಂದ, ಹಗಲಿನಲ್ಲಿ, ಮುಖಕ್ಕೆ ಮುಖ ಕೊಟ್ಟು ನೋಡಿದರೆ ಅವಳಿಗೆ ಎಲ್ಲ ತಿಳಿದುಹೋಗುತ್ತದೆ ಎಂದು ಅನ್ನಿಸಿತು. ಸಾಯುವ ಹೊತ್ತಿನಲ್ಲಿ ಚೌಡಮ್ಮನಿಲ್ಲ, ನಾಲ್ಕು ವರ್ಷದಿಂದ ಇದ್ದದ್ದು ಬರೀ ಕನ್ನಡಿ ಎಂದು ತಿಳಿದರೆ? ಅಥವಾ ತಿಳಿಯದೆ, ಸಾಯುತ್ತಿರುವ ಮುಖವನ್ನೇ ದೇವಿ ಎಂದುಕೊಂಡರೆ? ಕೈ ಕೆಳಗಿಳಿಸಿದೆ.

“ಮೊಳೆ ಬಿಗಿಯಾಗಿ ಐತೆ ಅಜ್ಜಿ. ಅಪ್ಪ ಬರ್ಲಿ.”

ಅಜ್ಜಿ ನನ್ನನ್ನು ನೋಡಿದಳು. ಅವಳ ಕಣ್ಣು ಆ ಹೊತ್ತಿನಲ್ಲಿ ಚೆನ್ನಾಗಿ ಕಾಣುತ್ತಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

“ಸರಿ ಬುಡು,” ಎಂದು ಗೋಡೆಯ ಕಡೆ ಹೊರಳಿದಳು. ಮತ್ತೆ ಕೇಳಲಿಲ್ಲ. ಅಪ್ಪ ಬಂದ ಮೇಲೆ ನಾನೂ ಹೇಳಲಿಲ್ಲ. ಭಾನುವಾರ ಬೆಳಿಗ್ಗೆ ಹೋದಳು.

ಸುಳ್ಳು ಹೇಳಿದ್ದು ಅವಳ ಒಳ್ಳೆಯದಕ್ಕೇ ಎಂದು ನನಗೆ ನಾನೇ ಹೇಳಿಕೊಳ್ಳುತ್ತ ಬದುಕಿದೆ. ಮದುವೆಯಾಯಿತು, ಮಕ್ಕಳಾದವು, ಅಪ್ಪ ಅವ್ವ ಹೋದರು, ಮಗ್ಗಗಳನ್ನು ಬಿಚ್ಚಿ ಸೌದೆಯ ಬೆಲೆಗೆ ಮಾರಿದರು. ಮನೆ ಮಾರುವಾಗ ಪಟ ಯಾರಿಗೆ ಎಂದು ಮಾತು ಬಂದರೆ, ಎಲ್ಲರಿಗಿಂತ ಮೊದಲು ನಾನು ನನಗೆ ಎಂದುಬಿಟ್ಟೆ. ಬೇರೆ ಯಾರಾದರೂ ತೆಗೆದುಕೊಂಡು ಹೋಗಿ ಹಲಗೆ ಬಿಚ್ಚಿದರೆ ಎಂಬ ಭಯ. ಬೀರುವಿನ ಮೇಲೆ, ಹಳೆಯ ಸೀರೆಯಲ್ಲಿ ಸುತ್ತಿ, ಮುಖ ಗೋಡೆಯ ಕಡೆ ಮಾಡಿ ಇಟ್ಟೆ. ಇಪ್ಪತ್ತೆರಡು ವರ್ಷ ಅದು ಹಾಗೇ ಇತ್ತು. ರಾತ್ರಿ ಬೀರುವಿನ ಕದ ಕಿರ್ರೆಂದರೆ ಪಟದವಳು ಮಗ್ಗುಲಾದಳು ಎಂದುಕೊಳ್ಳುತ್ತಿದ್ದೆ. ಮೂರು ವರ್ಷದ ಹಿಂದೆ ನನ್ನ ಗಂಡ ಹೋದರು. ಆ ದಿನದಿಂದ ನಾನೂ ಬೊಟ್ಟು ಇಟ್ಟಿಲ್ಲ. ಇಟ್ಟುಕೋ ಅಮ್ಮ, ಈಗಿನ ಕಾಲದಲ್ಲಿ ಯಾರು ಕೇಳುತ್ತಾರೆ ಎಂದು ಮಗಳು ಜಗಳವಾಡಿದಳು. ಯಾರೂ ಕೇಳುವುದಿಲ್ಲ, ನಿಜ. ಕೈಯೇ ಹೋಗಲಿಲ್ಲ. ಕನ್ನಡಿಯಲ್ಲಿ ನೋಡಿಕೊಳ್ಳುವುದನ್ನೂ ಕಡಿಮೆ ಮಾಡಿದೆ, ಬೈತಲೆ ಬೆರಳಿನಲ್ಲೇ ತೆಗೆದುಕೊಳ್ಳುತ್ತೇನೆ.

ಟೀಚರ್ ಕೇಳಿದ ಪ್ರಶ್ನೆ ಮೂರು ದಿನ ಬಿಡಲಿಲ್ಲ. ತಂಜಾವೂರಿಗೆ ಹೋಗಿ ಅಲ್ಲಿಯೂ ಪಾದ ನೋಡಿಕೊಂಡು ಬರುವುದಾದರೆ ಟಿಕೆಟ್ ದಂಡ. ನಿನ್ನೆ, ಬುಧವಾರ ಬೆಳಿಗ್ಗೆ, ಸ್ಟೂಲ್ ಹಾಕಿಕೊಂಡು ಪಟ ಇಳಿಸಿದೆ. ಸೀರೆ ಬಿಚ್ಚಿ, ಮುಖ ನೋಡದೆಯೇ, ಕ್ಯಾಲೆಂಡರಿನ ಮೊಳೆಗೆ ಅದನ್ನು ತೂಗುಹಾಕಿದೆ. ಗಾಜನ್ನು ಒರೆಸಿದೆ, ಮುಂಭಾಗ ಮಾತ್ರ. ದೇವರ ಗೂಡಿನಿಂದ ಕುಂಕುಮದ ಡಬ್ಬಿ ತಂದೆ. ನೋಡುವುದೇ ಆದರೆ ಕ್ರಮವಾಗಿ ನೋಡೋಣ, ಮೊದಲು ಬೊಟ್ಟು ಇಟ್ಟು ಆಮೇಲೆ ತಪ್ಪಾಯಿತು ಎಂದು ಹೇಳಿಬಿಡೋಣ ಎಂದುಕೊಂಡಿದ್ದೆ. ಅಜ್ಜಿಯ ಹಾಗೇ ನಾನೂ ಕುಳ್ಳಾಗಿದ್ದೇನೆ ಈಗ. ಕೈ ಎತ್ತಿ ಕಿರೀಟದ ಅಂಚಿನ ಕೆಳಗೆ ಉಂಗುರದ ಬೆರಳು ಒತ್ತಿದೆ. ಆಮೇಲೆ ಕಣ್ಣೆತ್ತಿದೆ.

ಕನ್ನಡಿಯ ರಸ ಅಲ್ಲಲ್ಲಿ ಎದ್ದು ಕಪ್ಪು ಚುಕ್ಕೆ ಬಿದ್ದಿದ್ದವು. ಅದರಲ್ಲಿ ಫ್ಯಾನಿನ ರೆಕ್ಕೆಯೂ ನನ್ನ ನರೆತ ಬೈತಲೆಯ ಅಂಚೂ ಕಂಡವು. ಗಾಜಿನ ಮೇಲಿನ ಬೊಟ್ಟು ಅಲ್ಲಿ ಕಂಡ ಖಾಲಿ ಗೋಡೆಯ ಮೇಲೆ ತೇಲುತ್ತಿತ್ತು. ಪೂರ್ತಿ ನೋಡಲು ಇನ್ನೂ ಸ್ವಲ್ಪ ಎತ್ತರ ಬೇಕಿತ್ತು. ಹಿಮ್ಮಡಿ ಎತ್ತಿದೆ, ಹಣೆ ಬಂತು, ಬೊಟ್ಟು ನೆತ್ತಿಯ ಮೇಲೆ ಕೂತಿತು. ಕಾಲು ನೋವು ಬಂದು ಇಳಿದೆ. ಅಡುಗೆಮನೆಯಿಂದ ಮಣೆ ತಂದು ಗೋಡೆಗೆ ಹಾಕಿ ಹತ್ತಿದೆ. ಸ್ವಲ್ಪ ಎಡಕ್ಕೆ ಸರಿದೆ. ಕತ್ತು ಒಂದಿಷ್ಟು ಎತ್ತಿದೆ.

ಬೊಟ್ಟು ಬಂದು ನನ್ನ ಹಣೆಯ ನಡುವೆ ನಿಂತಿತು.

ಮಣೆಯ ಮೇಲೆ ಹಾಗೇ ನಿಂತುಬಿಟ್ಟೆ. ಬೊಟ್ಟು ಇಡುವುದಕ್ಕೆ ಮಣೆ ಬೇಕಾಗಿರಲಿಲ್ಲ. ಮದುವೆಯಾದ ವರ್ಷದಿಂದ ಅಜ್ಜಿ ನೆಲದ ಮೇಲೆ ನಿಂತೇ ಬೊಟ್ಟು ಇಟ್ಟಿದ್ದಳು, ಮೂಗಿನ ಮೇಲೆ ಬಿದ್ದರೂ ತಲೆ ಕೆಡಿಸಿಕೊಂಡವಳಲ್ಲ. ಮಣೆ ಬಂದದ್ದು ಕನ್ನಡಿ ಬಂದ ಮೇಲೆ. ಮೊದಲ ಶುಕ್ರವಾರವೇ ಅವಳಿಗೆ ಗೊತ್ತಾಗಿತ್ತು. ಗಂಡ ಸತ್ತ ದಿನದಿಂದ ಬರಿದಾಗಿದ್ದ ಹಣೆಯ ಮೇಲೆ ಬೊಟ್ಟು ನೋಡಿಕೊಳ್ಳಲು ಅವಳು ವಾರ ವಾರ ಮಣೆ ಹತ್ತುತ್ತಿದ್ದಳು, ನನ್ನ ಭುಜ ಹಿಡಿದು. ಯಾರೂ ತಪ್ಪು ಹೇಳಲಾಗದಂತೆ, ದೇವಿಗೆ ಇಟ್ಟ ಬೊಟ್ಟನ್ನೇ. ಚೌಡಮ್ಮನಿಗೆ ವಯಸ್ಸಾಯಿತು ಎಂದದ್ದು ನಮ್ಮನ್ನು ಉಳಿಸಲು. ಕೊನೆಯ ಬೆಳ್ಳಿಯಂದು ಅವಳು ಕೇಳಿದ್ದು ದೇವರನ್ನಲ್ಲ, ಬೊಟ್ಟಿಟ್ಟ ತನ್ನ ಮುಖವನ್ನು. ಅದನ್ನು ನಾನು ಕೊಡಲಿಲ್ಲ. ಮೊಳೆ ಬಿಗಿಯಾಗಿದೆ ಎಂದೆ.

ಅಳು ಬಂತು, ಅತ್ತುಬಿಟ್ಟೆ. ಕನ್ನಡಿಯಲ್ಲಿ ಅಳುತ್ತಿದ್ದವಳ ತುಂಬು ಕೆನ್ನೆಗಳು ಇಳಿದುಹೋಗಿದ್ದವು, ಗಲ್ಲದ ಮೇಲೆ ಅಜ್ಜಿಯದೇ ಗುಳಿ, ಎರಡೂ ಕಿವಿಯ ಪಕ್ಕ ದೇವಿಯ ಓಲೆ. ನಾನು ಇಷ್ಟು ಅವಳ ಹಾಗೆ ಆಗಿದ್ದೇನೆಂದು ಗೊತ್ತಿರಲಿಲ್ಲ. ಕಣ್ಣು ತಗ್ಗಿಸಲಿಲ್ಲ. ಹೆದರಿಕೆ ಹೋಯಿತೆಂದಲ್ಲ, ಅವಳು ಅಲ್ಲಿರುವಾಗ ತಗ್ಗಿಸುವುದು ಸರಿಯಲ್ಲ ಅನ್ನಿಸಿತು. ಹಣೆಯ ಬೊಟ್ಟು ಜಾರದಂತೆ ಮಣೆಯ ಮೇಲೆ ನೆಟ್ಟಗೆ ನಿಂತು, ಆ ಮುಖಕ್ಕೆ ಹೇಳಿದೆ:

“ಪಟ ತಂದಿದೀನಿ ಅಜ್ಜಿ. ನೋಡ್ಕೊ.”